ಒಂದು ಕೋವಿ, ಎರಡು ನಳಿಗೆ

(ಬಾನುಲಿ ಭಾಷಣದ ಪಠ್ಯ)

ಬೇಟೆಯ ವಿಚಾರ ಎತ್ತುವವನು ಇಂದು ಮೊದಲಿಗೆ ತನ್ನ ಸಮರ್ಥನೆಯನ್ನು ಹೇಳಿಕೊಳ್ಳಬೇಕಾಗುತ್ತದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ, ಅದನ್ನು ಬಿಗಿಗೊಳಿಸಿದ 1991ರ ತಿದ್ದುಪಡಿಯೂ ಬಂದ ಮೇಲೆ ವಿನೋದದ ಬೇಟೆ ಮುಗಿದುಹೋದ ಕಥೆ. ಅದು ಮುಗಿದುದು ಒಳ್ಳೆಯದೇ ಆಯಿತು. ನಮ್ಮ ಕಾಡುಗಳಲ್ಲಿ ಅಷ್ಟಿಷ್ಟು ಉಳಿದಿರುವುದು ಅದರ ಫಲವೆಂದರೆ ತಪ್ಪಾಗದು. ನಾನು ಇಂದು ಹೇಳಹೊರಟಿರುವುದು ಬೇರೊಂದು ದೇಶದ ಕಾಡಿನ ಮಾತು. ಅಲ್ಲಿ ಬೇಟೆ ಶಾಸನಬದ್ಧವಾದ ಒಂದು ಕೆಲಸ. ವಿನೋದಕ್ಕಿಂತ ಹೆಚ್ಚಾಗಿ ಹೊಣೆ. ಆ ಹೊಣೆಯನ್ನು ಹೊರಲು ಹೊರಟ ನಾನು, ಯಾವ ಕೋವಿಯನ್ನು ಕೊಳ್ಳಬೇಕು, ಎಂಥ ನಳಿಗೆಯನ್ನು ಆರಿಸಬೇಕು ಎಂಬ ಒಂದು ಚಿಕ್ಕ ಪ್ರಶ್ನೆಯಲ್ಲಿ ಎಡವಿದೆ. ಆ ಎಡವಟ್ಟಿಗೆ ಬೆಲೆ ತೆತ್ತದ್ದು ನಾನಲ್ಲ, ಒಂದು ಮೂಕಪ್ರಾಣಿ. ಆದ್ದರಿಂದ ಈ ಮಾತನ್ನು ಆಡಬೇಕೆನಿಸಿತು.

ನಾನು ಕೊಡಗಿನವನು. ನಮ್ಮ ಮನೆಯ ನಡುಕೋಣೆಯ ಗೋಡೆಯ ಮೇಲೆ ಒಂದು ಕೋವಿ ಇತ್ತು, ಈಗಲೂ ಇದೆ. ಒಂಟಿ ನಳಿಗೆಯ, ಹನ್ನೆರಡು ಬೋರಿನ ತೋಟಾಕೋವಿ. ಸೆಪ್ಟೆಂಬರ್ ತಿಂಗಳ ಕೈಲು ಮುಹೂರ್ತದ ದಿನ ಅದನ್ನು ಇಳಿಸಿ, ಒರೆಸಿ, ಎಣ್ಣೆ ಸವರಿ, ಗದ್ದೆಯ ಕೆಲಸದ ಹತ್ಯಾರುಗಳ ಜೊತೆಯಲ್ಲಿಟ್ಟು ಪೂಜಿಸುವರು. ನಳಿಗೆಯ ಬಾಯಿಗೆ ಅಗ್ನಿಶಿಖೆಯ ಹೂವನ್ನು ಸಿಕ್ಕಿಸುವರು. ಆ ಹೂವಿಗೆ ನಮ್ಮ ಮಾತಿನಲ್ಲಿ ತೋಕ್ ಪೂ, ಅಂದರೆ ಕೋವಿಯ ಹೂ ಎಂದೇ ಹೆಸರು. ನನ್ನ ಅಜ್ಜನ ಕಾಲದಲ್ಲಿ ಆ ಒಂದು ಕೋವಿಯೇ ಎಲ್ಲಕ್ಕೂ ಸಲ್ಲುತ್ತಿತ್ತು. ಕಾಡುಕೋಳಿಗೆ ಸಣ್ಣ ಚರೆಯ ತೋಟಾ, ಕಾಡುಕುರಿಗೆ ದಪ್ಪ ಚರೆಯ ಎಲ್.ಜಿ. ತೋಟಾ, ಗದ್ದೆಗೆ ನುಗ್ಗುವ ಹಂದಿಗೆ ಒಂಟಿ ಗುಂಡು. ಕೋವಿ ಒಂದೇ, ತೋಟಾ ಬೇರೆ. ಯಾವ ಕೋವಿ ಎಂಬ ಪ್ರಶ್ನೆಯೇ ಆ ಮನೆಯಲ್ಲಿ ಹುಟ್ಟುತ್ತಿರಲಿಲ್ಲ. ಇದ್ದುದು ಒಂದು, ಬಲ್ಲುದೂ ಅದೊಂದನ್ನೇ. ಅಜ್ಜ ಹೇಳುತ್ತಿದ್ದ ಮಾತೊಂದು ನೆನಪಿದೆ: “ಕೋವಿ ಹೊಡೆಯುವುದಿಲ್ಲ ಮಗು, ನೀನು ಹೊಡೆಯುತ್ತೀಯೆ.” ಆಗ ಅದು ಮುದುಕರ ಮಾತಾಗಿ ಕಂಡಿತ್ತು.

ಉದ್ಯೋಗದ ನಿಮಿತ್ತ ನಾನು ಕೆಲವು ವರ್ಷ ದಕ್ಷಿಣ ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಇರಬೇಕಾಯಿತು. ಸುತ್ತಲೂ ಸ್ಪ್ರೂಸ್ ಮತ್ತು ಬೀಚ್ ಮರಗಳ ಕಾಡು, ನಡುನಡುವೆ ಜೋಳದ ಹೊಲ, ಹುಲ್ಲುಗಾವಲು. ನೆರೆಮನೆಯ ಹಿರಿಯರು ನಿವೃತ್ತ ಅರಣ್ಯಪಾಲಕರು. ಊರಿನ ಬೇಟೆಯ ಪ್ರದೇಶವನ್ನು ಗುತ್ತಿಗೆ ಹಿಡಿದವರಲ್ಲಿ ಅವರೂ ಒಬ್ಬರು. ಆ ದೇಶದ ಕ್ರಮ ನಮಗೆ ಹೊಸದು. ಬೇಟೆಯ ಹಕ್ಕು ನೆಲದೊಡನೆ ಸೇರಿದ್ದು. ಅದನ್ನು ಗುತ್ತಿಗೆ ಹಿಡಿದವನು ಹಂದಿ ರೈತನ ಬೆಳೆ ಹಾಳುಮಾಡಿದರೆ ಸಾಮಾನ್ಯವಾಗಿ ನಷ್ಟವನ್ನೂ ಕಟ್ಟಿಕೊಡಬೇಕು. ಜಿಂಕೆಯ ಜಾತಿಯವನ್ನು ಇಂತಿಷ್ಟು ಹೊಡೆಯಬೇಕೆಂದು ಯೋಜನೆಯೇ ಇರುತ್ತದೆ. ತೋಳ, ಕರಡಿ ಬಹುಮಟ್ಟಿಗೆ ಇಲ್ಲವಾದ ಕಾಡಿನಲ್ಲಿ ಜಿಂಕೆ ಹೆಚ್ಚಿದರೆ ಎಳೆಯ ಸಸಿ ಮೇಲೇಳುವುದಿಲ್ಲ. ಇಷ್ಟಾದರೂ ಕೋವಿ ಹಿಡಿಯಲು ಪರೀಕ್ಷೆ ಕಟ್ಟಬೇಕು. ಪ್ರಾಣಿಶಾಸ್ತ್ರ, ಕಾನೂನು, ರೋಗ, ನಾಯಿಗಳ ತರಬೇತು, ಆಯುಧಜ್ಞಾನ, ಗುರಿ, ಎಲ್ಲ ಸೇರಿದ ಆ ಪರೀಕ್ಷೆಯನ್ನು ಜನ ವಿನೋದವಾಗಿ ‘ಹಸಿರು ಮೆಟ್ರಿಕ್ಯುಲೇಷನ್’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಹಿರಿಯರ ಒತ್ತಾಸೆಯಿಂದ ನಾನೂ ಅದಕ್ಕೆ ಕುಳಿತೆ, ತೇರ್ಗಡೆಯೂ ಆದೆ. ನಿಜವಾದ ಪರೀಕ್ಷೆ ಬಂದದ್ದು ಆ ಮೇಲೆ, ಕೋವಿಯ ಅಂಗಡಿಯಲ್ಲಿ.

ಅಲ್ಲಿಯ ಕಾಡಿನಲ್ಲಿ ಒಬ್ಬ ಬೇಟೆಗಾರನಿಗೆ ಎದುರಾಗುವ ಪ್ರಾಣಿಗಳು ಒಂದೇ ತೂಕದವಲ್ಲ. ಏಳೆಂಟು ಕಿಲೋ ತೂಗುವ ನರಿ. ಇಪ್ಪತ್ತು ಕಿಲೋ ಆಚೀಚೆಯ ರೋ ಜಿಂಕೆ. ನೂರು ಕಿಲೋ ದಾಟಬಲ್ಲ ಕಾಡುಹಂದಿ. ಅದಕ್ಕೂ ಮಿಗಿಲಾದ ಕೆಂಜಿಂಕೆ. ಒಂದೇ ಆಯುಧ ಇವಕ್ಕೆಲ್ಲ ಒಪ್ಪುವುದು ಹೇಗೆ? ಮಧ್ಯ ಯೂರೋಪಿನ ಕುಶಲಿಗಳು ಇದಕ್ಕೆ ಹಳೆಯ ಕಾಲದಲ್ಲೇ ಒಂದು ಉತ್ತರ ಕಂಡಿದ್ದರು. ‘ಡ್ರಿಲ್ಲಿಂಗ್’ ಎಂಬುದು ಆ ಕೋವಿಯ ಹೆಸರು. ಮೂರು ನಳಿಗೆಗಳದು ಎಂಬುದು ಅದರ ಅರ್ಥ. ಸಾಮಾನ್ಯವಾಗಿ ಮೇಲೆ ಅಕ್ಕಪಕ್ಕದಲ್ಲಿ ಚರೆಯ ಎರಡು ನಳಿಗೆ, ಅವುಗಳ ಕೆಳಗೆ ಗುಂಡಿನ ಒಂದು ನಳಿಗೆ. ಮೂರನ್ನೂ ಒಂದುಗೂಡಿಸಿ, ಮೂರೂ ಒಂದೇ ಕಡೆ ಹೊಡೆಯುವಂತೆ ಬೆಸೆಯುವುದು ಚಿನಿವಾರನ ಕೆಲಸದಷ್ಟು ನಾಜೂಕು. ನಮ್ಮ ಹಿರಿಯರಲ್ಲಿ ಅಂಥದೊಂದು ಇತ್ತು. ಅದರ ಉಕ್ಕಿನ ಮೇಲೆ ಕೆತ್ತಿದ ಓಕ್ ಎಲೆಗಳು ಬೆರಳ ಸವೆತಕ್ಕೆ ನಯವಾಗಿ ಹೋಗಿದ್ದವು.

ಹೊಸ ಕಾಲದ ಉತ್ತರ ಬೇರೆ. ನಳಿಗೆಗಳನ್ನು ಒಟ್ಟಿಗೆ ಹೊರುವ ಬದಲು, ಬೇಕಾದುದನ್ನು ಬೇಕಾದಾಗ ಜೋಡಿಸಿಕೊಳ್ಳುವುದು. ಅಮೆರಿಕದಲ್ಲಿ 1967ರಲ್ಲಿ ಬಂದ ಥಾಂಪ್ಸನ್ ಸೆಂಟರ್ ಕಂಪನಿಯ ‘ಕಂಟೆಂಡರ್’ ಎಂಬ ಒಂಟಿ ಈಡಿನ ಆಯುಧದಲ್ಲಿ ಒಂದು ಕೀಲನ್ನು ತೆಗೆದರೆ ನಳಿಗೆ ಕಳಚಿ ಬರುತ್ತಿತ್ತು. ಜರ್ಮನಿಯ ಆಲ್‌ಗೊಯ್ ಸೀಮೆಯ ಇಸ್ನಿ ಎಂಬ ಪಟ್ಟಣದ ಬ್ಲೇಸರ್ ಕಂಪನಿ 1993ರಲ್ಲಿ ‘ಆರ್ 93’ ಎಂಬ ರೈಫಲನ್ನೂ 2008ರಲ್ಲಿ ಅದರ ಉತ್ತರಾಧಿಕಾರಿಯಾದ ‘ಆರ್ 8’ ಅನ್ನೂ ಹೊರತಂದಿತು. ನಳಿಗೆ ಬದಲಿಸುವ ರೈಫಲ್ ಎಂದರೆ ಈಗ ಬಹುಮಂದಿಗೆ ನೆನಪಾಗುವುದು ಇವೇ. ಮೌಸರ್, ಸೌವರ್, ಮರ್ಕೆಲ್ ಮೊದಲಾದ ಹೆಸರಾಂತ ತಯಾರಕರೂ ತಮ್ಮ ತಮ್ಮ ಬಗೆಗಳನ್ನು ಮಾಡಿದ್ದಾರೆ.

ಇದರ ಗುಟ್ಟನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾಮಾನ್ಯ ರೈಫಲಿನಲ್ಲಿ ನಳಿಗೆಯನ್ನು ಕೋವಿಯ ಒಡಲಿಗೆ ತಿರುಪು ಹಾಕಿ ಬಿಗಿದಿರುತ್ತಾರೆ; ಅದನ್ನು ಬಿಚ್ಚುವುದು ಕುಶಲಿಯ ಕೆಲಸ. ಗುಂಡು ಹಾರಿದಾಗ ಒಳಗೆ ಹುಟ್ಟುವ ಒತ್ತಡ ಭಯಂಕರವಾದುದು. ತೋಟಾದ ಬುಡವನ್ನು ಹಿಂದಿನಿಂದ ಅದುಮಿ ಹಿಡಿಯುವ ಬೋಲ್ಟಿಗೂ ನಳಿಗೆಗೂ ನಡುವೆ ಬಿಡಿಸಲಾರದ ಬಂಧವೊಂದು ಇರಲೇಬೇಕು. ಬ್ಲೇಸರ್ ರೈಫಲುಗಳಲ್ಲಿ ಬೋಲ್ಟಿನ ತಲೆ ನೇರವಾಗಿ ನಳಿಗೆಯ ಹಿಂಬದಿಯೊಳಗೇ ಹೊಕ್ಕು, ಅಲ್ಲಿ ಅರಳಿ ಕಚ್ಚಿಕೊಳ್ಳುತ್ತದೆ. ಭಾರವೆಲ್ಲ ಆ ಎರಡರ ನಡುವೆಯೇ ಮುಗಿಯುವುದರಿಂದ ಉಳಿದ ಒಡಲಿಗೆ ಅದರ ಹಂಗಿಲ್ಲ. ನಳಿಗೆಯನ್ನು ಕೆಳಗಿನಿಂದ ಎರಡು ತಿರುಪುಗಳು ಹಿಡಿದಿರುತ್ತವೆ; ಒಂದು ಕೀಲಿಯಿಂದ ಅವನ್ನು ಸಡಿಲಿಸಿದರೆ ನಳಿಗೆ ಎದ್ದು ಬರುತ್ತದೆ. ದುರ್ಬೀನನ್ನು ಕೂರಿಸುವುದೂ ನಳಿಗೆಯ ಮೇಲೆಯೇ. ಇದು ಬಹು ಮುಖ್ಯ. ಗುರಿ ಎಂಬುದು ನಳಿಗೆಗೂ ದುರ್ಬೀನಿಗೂ ಇರುವ ಸಂಬಂಧ. ಆ ಎರಡೂ ಒಟ್ಟಿಗೆ ಬಂದು ಒಟ್ಟಿಗೆ ಹೋದರೆ ಸಂಬಂಧ ಕೆಡುವುದಿಲ್ಲ. ಹಾಗಾಗಿ ಚೆನ್ನಾಗಿ ಮಾಡಿದ ಇಂಥ ಕೋವಿಯ ನಳಿಗೆಯನ್ನು ಕಳಚಿ ಮತ್ತೆ ಜೋಡಿಸಿದರೂ ಗುಂಡು ಹೆಚ್ಚುಕಡಮೆ ಹಳೆಯ ಜಾಗಕ್ಕೇ ಹೋಗುತ್ತದೆ.

“ಹೆಚ್ಚುಕಡಮೆ” ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಅಂಗಡಿಯವರು ಆ ಪದವನ್ನು ಬಿಟ್ಟು ಹೇಳುತ್ತಾರೆ. ತಿರುಪಿನ ಬಿಗಿತ ಪ್ರತಿಸಲವೂ ಒಂದೇ ಇರಬೇಕು, ಕೂಡುವ ಮೈಯಲ್ಲಿ ಧೂಳಿನ ಕಣವೂ ಇರಬಾರದು. ನಳಿಗೆ ಬದಲಿಸಿದ ಬಳಿಕ ಕಾಡಿಗೆ ಹೋಗುವ ಮೊದಲು ಗುರಿಮೈದಾನದಲ್ಲಿ ಎರಡು ಮೂರು ಈಡು ಹೊಡೆದು ನೋಡದವನು ಆ ಕೋವಿಗೆ ಅರ್ಹನಲ್ಲ ಎಂದು ಹಿರಿಯರು ಹೇಳುತ್ತಿದ್ದರು.

ಇನ್ನು ಕ್ಯಾಲಿಬರಿನ ವಿಚಾರ. ನಳಿಗೆಯ ಒಳವ್ಯಾಸಕ್ಕೆ ಕ್ಯಾಲಿಬರ್ ಎನ್ನುತ್ತಾರೆ. ಬಳಕೆಯಲ್ಲಿ ಅದು ಇಡೀ ತೋಟಾದ ಹೆಸರೇ ಆಗಿಬಿಟ್ಟಿದೆ. ಈ ಹೆಸರುಗಳ ಲೋಕ ಹೊಸಬನಿಗೆ ಒಂದು ಗೊಂಡಾರಣ್ಯ. ಯೂರೋಪಿನವರು 8×57 ಎಂದರೆ ಎಂಟು ಮಿಲಿಮೀಟರ್ ವ್ಯಾಸದ ಗುಂಡು, ಐವತ್ತೇಳು ಮಿಲಿಮೀಟರ್ ಉದ್ದದ ಕೊಳವೆ ಎಂದು ಅರ್ಥ, ಇದು ತರ್ಕಬದ್ಧ. ಅಮೆರಿಕನ್ನರ .308 ಎಂಬುದು ಅಂಗುಲದ ಲೆಕ್ಕ. ಅವರದೇ 30-06 ಎಂಬಲ್ಲಿ ಮೊದಲಿನದು ಅಂಗುಲದ ನೂರನೆಯ ಪಾಲಿನ ಲೆಕ್ಕ, ಎರಡನೆಯದು ಸೈನ್ಯ ಅದನ್ನು ಸ್ವೀಕರಿಸಿದ 1906ನೆಯ ಇಸವಿ! ವಿಚಿತ್ರವೆಂದರೆ .308ಕ್ಕೂ 30-06ಕ್ಕೂ ಗುಂಡಿನ ವ್ಯಾಸ ಒಂದೇ. ಕೊಳವೆಯ ಉದ್ದ ಮಾತ್ರ ಒಂದಕ್ಕೆ 51, ಇನ್ನೊಂದಕ್ಕೆ 63 ಮಿಲಿಮೀಟರ್.

ಹೆಸರುಗಳು ಎಷ್ಟೇ ಇರಲಿ, ಮಧ್ಯ ಯೂರೋಪಿನ ಬೇಟೆಯಲ್ಲಿ ಸಾಮಾನ್ಯವಾಗಿ ಸಲ್ಲುವ ತೋಟಾಗಳು ಬೆರಳೆಣಿಕೆಯವೇ. ಒಂದೊಂದಕ್ಕೂ ತನ್ನದೇ ಚರಿತ್ರೆ ಇದೆ. ಹೆಚ್ಚಿನವು ಸೈನ್ಯದ ಪಾಳೆಯದಿಂದ ಕಾಡಿಗೆ ಬಂದವು. ಜರ್ಮನ್ ಸೈನ್ಯದ 8×57 ಹುಟ್ಟಿದ್ದು 1888ರಲ್ಲಿ. ಮೌಸರನ 7×57 1892ರಲ್ಲಿ. ಸ್ವೀಡನ್ ಮತ್ತು ನಾರ್ವೆಗಳ 6.5×55 1894ರಲ್ಲಿ. ಬರ್ಲಿನ್ನಿನ ಕೋವಿಗಾರ ಆಟೋ ಬಾಕ್ 1905ರಲ್ಲಿ 9.3×62 ಎಂಬ ದಪ್ಪಗುಂಡಿನ ತೋಟಾವನ್ನು ರೂಪಿಸಿದ. ಆಫ್ರಿಕದಲ್ಲಿ ನೆಲಸಿದ ಜರ್ಮನ್ ರೈತರಿಗೆ ಇಂಗ್ಲಿಷರ ಜೋಡುನಳಿಗೆಯ ದುಬಾರಿ ರೈಫಲುಗಳು ಎಟುಕುತ್ತಿರಲಿಲ್ಲ; ಸಾಮಾನ್ಯ ಮೌಸರಿನಲ್ಲೇ ಕೂರುವ ಈ ತೋಟಾ ದೊಡ್ಡ ಪ್ರಾಣಿಗಳೆದುರು ಅವರ ಕೈಹಿಡಿಯಿತು. ವಿಲ್ಹೆಲ್ಮ್ ಬ್ರೆನ್ನೆಕೆ 1917ರಲ್ಲಿ 7×64 ಅನ್ನು ಕೇವಲ ಬೇಟೆಗೆಂದೇ ಮಾಡಿದ. .308 ವಿಂಚೆಸ್ಟರ್ 1952ರದು. ಇವುಗಳಲ್ಲಿ 8×57, 7×57, 7×64, 9.3×62, 30-06, .308 ಎಲ್ಲವೂ ಬುಡದಲ್ಲಿ ಸುಮಾರು ಹನ್ನೆರಡು ಮಿಲಿಮೀಟರ್ ಅಗಲದವು. ಒಂದೇ ಮನೆತನದ ದಾಯಾದಿಗಳು. ನಳಿಗೆ ಬದಲಿಸುವ ಕೋವಿ ಕೊಳ್ಳುವವನಿಗೆ ಈ ವಂಶಾವಳಿ ಬರಿಯ ಕುತೂಹಲದ ಮಾತಲ್ಲ. ಒಂದೇ ಮನೆತನದ ಎರಡು ನಳಿಗೆಗಳಾದರೆ ಒಂದೇ ಬೋಲ್ಟ್-ತಲೆ ಸಾಕು. ಒಂದು ಸಣ್ಣ .223 ಆಗಿ, ಇನ್ನೊಂದು ಮ್ಯಾಗ್ನಮ್ ಆದರೆ ಬೋಲ್ಟಿನ ತಲೆಯನ್ನೂ ತೋಟಾ ತುಂಬುವ ಭಾಗವನ್ನೂ ಬದಲಿಸಬೇಕು.

ಆಯ್ಕೆಗೆ ಕಾನೂನೂ ಒಂದು ಗೆರೆ ಎಳೆದಿದೆ. ಜರ್ಮನಿಯ ಬೇಟೆಯ ಕಾಯಿದೆಯ ಪ್ರಕಾರ ರೋ ಜಿಂಕೆಗೆ ಹೊಡೆಯುವ ಗುಂಡಿನಲ್ಲಿ ನೂರು ಮೀಟರ್ ದೂರದಲ್ಲಿ 1000 ಜೂಲ್ ಶಕ್ತಿ ಉಳಿದಿರಬೇಕು. ಕಾಡುಹಂದಿ, ಕೆಂಜಿಂಕೆ ಮೊದಲಾದ ಉಳಿದ ಗೊರಸಿನ ಪ್ರಾಣಿಗಳಿಗಾದರೆ ಗುಂಡು 6.5 ಮಿಲಿಮೀಟರಿಗಿಂತ ಸಣ್ಣದಿರಬಾರದು, ನೂರು ಮೀಟರಿನಲ್ಲಿ 2000 ಜೂಲ್ ಇರಬೇಕು. ಒಂದು ಜೂಲ್ ಎಂದರೆ ನೂರು ಗ್ರಾಂ ತೂಕವನ್ನು ಒಂದು ಮೀಟರ್ ಎತ್ತಲು ಬೇಕಾದಷ್ಟು ಶಕ್ತಿ ಎಂದಿಟ್ಟುಕೊಳ್ಳಿ. 2000 ಜೂಲ್ ಎಂದರೆ ಎರಡು ಕ್ವಿಂಟಲ್ ಭತ್ತದ ಮೂಟೆಗಳನ್ನು ಒಂದು ಮೀಟರ್ ಎತ್ತಿದಷ್ಟು. 30-06ರ ಹನ್ನೊಂದೂ ಮುಕ್ಕಾಲು ಗ್ರಾಮಿನಷ್ಟು ತೂಗುವ ಗುಂಡು ಸೆಕೆಂಡಿಗೆ ಎಂಟುನೂರು ಮೀಟರಿಗೂ ಮಿಗಿಲಾದ ವೇಗದಲ್ಲಿ ನಳಿಗೆಯನ್ನು ಬಿಡುವಾಗ ಅದರಲ್ಲಿ ಸುಮಾರು 3900 ಜೂಲ್ ಇರುತ್ತದೆ; .223ರಲ್ಲಿ ಸುಮಾರು 1700, 9.3×62ರಲ್ಲಿ 4800ರ ಹತ್ತಿರ.

ಸಂಖ್ಯೆಗಳು ಹೀಗೆ ಸಾಲಾಗಿ ನಿಂತಾಗ ಮನುಷ್ಯನ ಮನಸ್ಸು ದೊಡ್ಡದರ ಕಡೆಗೇ ವಾಲುತ್ತದೆ. ನನ್ನದೂ ವಾಲಿತು. ಅಂಗಡಿಯಾತ ಸಭ್ಯಸ್ಥ, ನಾನು ಕೇಳಲು ಬಯಸಿದ್ದನ್ನೇ ಹೇಳಿದ. “ಸಣ್ಣದಕ್ಕೆ .223, ದೊಡ್ಡದಕ್ಕೆಲ್ಲ .300 ವಿಂಚೆಸ್ಟರ್ ಮ್ಯಾಗ್ನಮ್. ಈ ಎರಡಿದ್ದರೆ ಈ ಖಂಡದಲ್ಲಿ ನಿಮಗೆ ಹೊಡೆಯಲಾಗದ ಪ್ರಾಣಿಯೇ ಇಲ್ಲ.” ಎರಡು ನಳಿಗೆ, ಎರಡು ದುರ್ಬೀನು, ಒಂದು ಚಂದದ ಪೆಟ್ಟಿಗೆ. ಎರಡನೆಯ ನಳಿಗೆಗೆ ತೆತ್ತ ಹಣದಲ್ಲಿ ಒಂದು ಸಾಧಾರಣ ರೈಫಲೇ ಬರುತ್ತಿತ್ತೆಂದು ಆಮೇಲೆ ತಿಳಿಯಿತು. ಹಿರಿಯರಿಗೆ ತೋರಿಸಿದೆ. ಮ್ಯಾಗ್ನಮ್ ನಳಿಗೆಯನ್ನು ಕೈಯಲ್ಲಿ ಹಿಡಿದು, “ಇದು ನಿಮಗೇಕೆ ಬೇಕಾಯಿತು? ನಮ್ಮ ಕಾಡಿನಲ್ಲಿ ನೂರು ಮೀಟರ್ ಆಚೆ ಏನು ಕಾಣುತ್ತದೆ?” ಎಂದಷ್ಟೇ ಕೇಳಿದರು. ಉತ್ತರ ಹೊಳೆಯಲಿಲ್ಲ, ನಕ್ಕು ಸುಮ್ಮನಾದೆ.

ಮಾರನೆಯ ನವೆಂಬರಿನ ಒಂದು ಬೆಳದಿಂಗಳ ರಾತ್ರಿ. ಕಾಡಿನಂಚಿನ ಅಟ್ಟಣೆಯಲ್ಲಿ ಒಬ್ಬನೇ ಕುಳಿತಿದ್ದೆ. ಮಲೆನಾಡಿನವರು ‘ಮರಸು’ ಕೂರುವುದು ಎನ್ನುತ್ತಾರಲ್ಲ, ಅದೇ. ಚಳಿ ಮೂಳೆಗೆ ಇಳಿದಿತ್ತು. ಹತ್ತು ಗಂಟೆಯ ಹೊತ್ತಿಗೆ ಒಂದು ಒಂಟಿ ಹಂದಿ ಹುಲ್ಲುಗಾವಲಿಗೆ ಇಳಿದು ಮಣ್ಣು ಉಳತೊಡಗಿತು. ದೂರ ಎಪ್ಪತ್ತು ಮೀಟರ್ ಇದ್ದಿರಬಹುದು. ಅಡ್ಡಲಾಗಿ ನಿಂತಿತು. ಕುದುರೆ ಎಳೆದೆ. ಬೆಂಕಿಯ ಹೊಳಪು ಕಣ್ಣು ಕವಿಯಿತು, ಹೆಗಲಿಗೆ ಗುದ್ದು ಬಿತ್ತು. ಕಣ್ಣು ತಿಳಿಯಾದಾಗ ಹುಲ್ಲುಗಾವಲು ಬರಿದಾಗಿತ್ತು. ಕಾಡಿನೊಳಗೆ ಕೊಂಬೆಗಳು ಮುರಿಯುವ ಸದ್ದು ದೂರ ದೂರ ಹೋಗಿ ಅಡಗಿತು. ಹಂದಿ ನಿಂತಿದ್ದ ಜಾಗದಲ್ಲಿ ಟಾರ್ಚು ಹಿಡಿದು ನೋಡಿದರೆ ಒಂದಿಷ್ಟು ಕೂದಲು, ಮೂಳೆಯ ಒಂದು ಚೂರು. ಮೂಳೆಯ ಚೂರು ಎಂದರೆ ಕಾಲು. ಅದು ಸಾಯಲಿಲ್ಲ, ಮುರಿದ ಕಾಲಿನಲ್ಲಿ ಓಡಿಹೋಗಿದೆ ಎಂದರ್ಥ.

ಹಿರಿಯರಿಗೆ ದೂರವಾಣಿ ಮಾಡಿದೆ. “ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಬೇಡಿ. ಗುರುತು ಇಟ್ಟು ಮನೆಗೆ ಬನ್ನಿ. ಬೆಳಗಾಗಲಿ” ಎಂದರು. ಆ ರಾತ್ರಿ ನಿದ್ದೆ ಬರಲಿಲ್ಲವೆಂದು ಹೇಳಬೇಕಾಗಿಲ್ಲ. ಮುಂಜಾನೆ ಗಾಯಗೊಂಡ ಪ್ರಾಣಿಯ ಜಾಡು ಹಿಡಿಯಲೆಂದೇ ಪಳಗಿಸಿದ ಬವೇರಿಯದ ಬೆಟ್ಟನಾಯಿಯೊಂದನ್ನು ಕರೆದುಕೊಂಡು ಅದರ ಯಜಮಾನ ಬಂದ. ಉದ್ದದ ಹಗ್ಗದ ತುದಿಯಲ್ಲಿ ಆ ನಾಯಿ ನೆಲಕ್ಕೆ ಮೂಗು ಹಚ್ಚಿ, ಅವಸರವಿಲ್ಲದೆ, ಒಂದು ಅಕ್ಷರವನ್ನೂ ಬಿಡದೆ ಓದುವ ವಿದ್ವಾಂಸನಂತೆ ಮುಂದೆ ಸಾಗಿತು. ಮೂರು ಗಂಟೆ ಹಿಡಿಯಿತು. ಎರಡು ತೊರೆಗಳನ್ನು ದಾಟಿ, ಮುಳ್ಳುಪೊದೆಯೊಂದರಲ್ಲಿ ಹಂದಿ ಮಲಗಿದ್ದ ಜಾಗಕ್ಕೆ ಅದು ನಮ್ಮನ್ನು ಒಯ್ದಿತು. ಹಂದಿಗೆ ಇನ್ನೂ ಜೀವವಿತ್ತು. ನಾಯಿಯ ಯಜಮಾನ ಒಂದು ಈಡಿನಲ್ಲಿ ಮುಗಿಸಿದ. ಹನ್ನೊಂದು ಹನ್ನೆರಡು ಗಂಟೆಗಳ ಕಾಲ ಆ ಪ್ರಾಣಿ ಪಟ್ಟ ಪಾಡಿಗೆ ನಾನು ಒಬ್ಬನೇ ಹೊಣೆ. ಆ ದೇಶದ ಪದ್ಧತಿಯಂತೆ ಹಿರಿಯರು ಒಂದು ಹಸಿರು ಟೊಂಗೆಯನ್ನು ಮುರಿದು ಅದರ ಬಾಯಿಗಿಟ್ಟರು; ಅದಕ್ಕೆ ‘ಕೊನೆಯ ತುತ್ತು’ ಎಂದು ಹೆಸರು. ಇನ್ನೊಂದು ಟೊಂಗೆ ನಾಯಿಗೂ ಅದರ ಯಜಮಾನನಿಗೂ ಸಂದಿತು. ನನಗೆ ಕೊಡಲಿಲ್ಲ, ಕೊಟ್ಟಿದ್ದರೂ ಮುಡಿಯುವ ಮುಖ ನನಗಿರಲಿಲ್ಲ.

ಒಂದು ವಾರ ಕಳೆದು ಹಿರಿಯರು ನನ್ನನ್ನು ಗುರಿಮೈದಾನಕ್ಕೆ ಕರೆದೊಯ್ದರು. ಬೈಯಲಿಲ್ಲ. “ತೋಟಾ ನಾನು ತುಂಬಿಕೊಡುತ್ತೇನೆ, ನೀವು ಹೊಡೆಯಿರಿ” ಎಂದರು. ಮೊದಲ ಈಡು ಸಿಡಿಯಿತು. ಎರಡನೆಯದಕ್ಕೆ ಕುದುರೆ ಎಳೆದೆ. ಕ್ಲಿಕ್ ಎಂದಿತಷ್ಟೆ, ಒಳಗಿದ್ದದ್ದು ಮದ್ದಿಲ್ಲದ ಹುಸಿ ತೋಟಾ. ಆದರೆ ನಳಿಗೆಯ ತುದಿ ಒಂದು ಗೇಣು ಕೆಳಕ್ಕೆ ಜಗ್ಗಿತ್ತು, ನನ್ನ ಕಣ್ಣು ಮುಚ್ಚಿತ್ತು. ಸದ್ದೂ ಇಲ್ಲ, ಗುದ್ದೂ ಇಲ್ಲ. ಆದರೂ ನನ್ನ ಮೈ ಮುಂಚಿತವಾಗಿಯೇ ಹೆದರಿ ಕುಗ್ಗಿತ್ತು. ಕೋವಿಯ ದೋಷವಲ್ಲ, ನಳಿಗೆಯ ದೋಷವಲ್ಲ. ಒಂದೇ ತೂಕದ ಕೋವಿಯಲ್ಲಿ .300 ಮ್ಯಾಗ್ನಮ್ಮಿನ ಹಿಂದೂಕು 30-06ಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಹೆಚ್ಚು. ಅದನ್ನು ತಾಳಿಕೊಳ್ಳಬಲ್ಲವರು ಇದ್ದಾರೆ, ನಾನಲ್ಲ. ಅಲ್ಲದೆ ಆ ನಳಿಗೆಯಿಂದ ನಾನು ಕಾಡಿಗೆ ಹೋಗುವ ಮುನ್ನ ಹದಿನೈದು ಈಡನ್ನೂ ಹೊಡೆದಿರಲಿಲ್ಲ. ತೋಟಾ ದುಬಾರಿ, ಹೆಗಲಿಗೆ ನೋವು. ಅಭ್ಯಾಸವನ್ನೆಲ್ಲ ಸಣ್ಣ ನಳಿಗೆಯಲ್ಲಿ ಮಾಡಿ, ಬೇಟೆಯನ್ನು ದೊಡ್ಡ ನಳಿಗೆಯಲ್ಲಿ ಮಾಡಿದ್ದೆ. ಶಕ್ತಿಯನ್ನು ಕೊಂಡರೆ ಕೌಶಲ ಅದರ ಜೊತೆಗೆ ಕೊಸರಾಗಿ ಬರುತ್ತದೆಂದು ನಂಬಿದ್ದೆ.

ಕ್ಯಾಲಿಬರಿನ ಚರಿತ್ರೆ ಓದಿದವನಿಗೆ ಈ ಪಾಠ ಹೊಸದಾಗಬಾರದಿತ್ತು. ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದುದಕ್ಕಾಗಿ ಜಿಮ್ ಕಾರ್ಬೆಟ್ಟರಿಗೆ 1907ರಲ್ಲಿ ಉಡುಗೊರೆಯಾಗಿ ಬಂದದ್ದು .275 ರಿಗ್ಬಿ ರೈಫಲ್. ಹೆಸರು ಇಂಗ್ಲಿಷರದು, ತೋಟಾ ಅದೇ ಮೌಸರನ 7×57. ಇಂದಿನ ಲೆಕ್ಕದಲ್ಲಿ ಸಾಧಾರಣ, ಮೃದುವಾದ ತೋಟಾ. ಅದೇ 7×57ರಿಂದ ‘ಕಾರಮೋಜೊ’ ಬೆಲ್ ಎಂಬಾತ ಆಫ್ರಿಕದಲ್ಲಿ ನೂರಾರು ಆನೆಗಳನ್ನು ದಂತಕ್ಕಾಗಿ ಕೊಂದ. ಆ ಕೆಲಸವನ್ನು ಇಂದು ಯಾರೂ ಮೆಚ್ಚಲಾರರು. ಆದರೆ ಆನೆಯ ತಲೆಬುರುಡೆಯನ್ನು ಸೀಳಿ, ಮೆದುಳಿರುವ ಜಾಗವನ್ನು ಅಭ್ಯಸಿಸಿ ಆತ ಹೊಡೆಯುತ್ತಿದ್ದನೆಂಬುದನ್ನು ಮರೆಯುವಂತಿಲ್ಲ. ಗುಂಡಿನ ಗಾತ್ರದ ಕೊರತೆಯನ್ನು ತಿಳಿವಳಿಕೆ ತುಂಬುತ್ತಿತ್ತು. ಇನ್ನೊಂದು ಕಡೆ, ತೇಜಸ್ವಿಯವರ ಮೂಲಕ ಕನ್ನಡಿಗರಿಗೆ ಆಪ್ತರಾದ ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ನರು ನಂಬಿದ್ದು .405 ವಿಂಚೆಸ್ಟರ್ ಎಂಬ ದಪ್ಪಗುಂಡಿನ ಕೋವಿಯನ್ನು. ದಟ್ಟ ಪೊದೆಯಲ್ಲಿ ಹತ್ತಿರದಿಂದ ಎದುರಾಗುವ ಹುಲಿ, ಚಿರತೆಗೆ ಅದು ಅವರ ಕೈಗೆ ಒಗ್ಗಿದ ಆಯುಧ. ಇಬ್ಬರ ಆಯ್ಕೆಯೂ ಸರಿ. ದೊಡ್ಡದು ಸಣ್ಣದು ಎಂಬ ಜಗಳಕ್ಕಿಂತ, ತನ್ನ ನೆಲ, ತನ್ನ ಪ್ರಾಣಿ, ತನ್ನ ತೋಳು, ಇವು ಮೂರನ್ನು ಬಲ್ಲವನ ಆಯ್ಕೆಯೇ ಸರಿಯಾದ ಆಯ್ಕೆ.

ಮ್ಯಾಗ್ನಮ್ ನಳಿಗೆಯನ್ನು ಮಾರಿದೆ. ಅದರ ಬದಲು .308ರ ನಳಿಗೆಯೊಂದನ್ನು ಕೊಂಡೆ. ಕಾನೂನಿನ 2000 ಜೂಲಿನ ಗೆರೆಯನ್ನು ಅದು ಸಲೀಸಾಗಿ ದಾಟುತ್ತದೆ, ಹಂದಿಗೂ ಜಿಂಕೆಗೂ ಸಾಕು, ತೋಟಾ ಎಲ್ಲೆಡೆ ಸಿಗುತ್ತದೆ, ಬೆಲೆಯೂ ಕಡಮೆ, ಹೆಗಲು ತಾಳುತ್ತದೆ. ನನ್ನ ಹೆದರಿಕೆಯನ್ನು ಗುಣಪಡಿಸಿದ್ದು ಮಾತ್ರ ಆ ಸಣ್ಣ .223. ಒಂದು ಇಡೀ ಚಳಿಗಾಲ ಹಿರಿಯರು ನನ್ನಿಂದ ಅದನ್ನೇ ಹೊಡೆಸಿದರು, ನಡುನಡುವೆ ಹುಸಿ ತೋಟಾ ಬೆರೆಸಿ. ಅದೇ ಹಿಡಿ, ಅದೇ ಕುದುರೆ, ಅದೇ ತೂಕ. ಗುದ್ದು ಮಾತ್ರ ಇಲ್ಲ. ಮೈ ನಿಧಾನವಾಗಿ ಹೆದರಿಕೆಯನ್ನು ಮರೆಯಿತು. ನಳಿಗೆ ಬದಲಿಸುವ ಕೋವಿಯ ನಿಜವಾದ ಉಪಯೋಗ ನನಗೆ ಕಂಡದ್ದು ಅಲ್ಲಿ. ಖಂಡದ ಪ್ರಾಣಿಗಳನ್ನೆಲ್ಲ ಹೊಡೆಯುವ ಸನ್ನಾಹವಾಗಿ ಕೊಂಡದ್ದು ಕೊನೆಗೆ ಒಂದು ಪಾಠಶಾಲೆಯಾಯಿತು.

ಇಂಥ ಕೋವಿ ಯಾರಿಗೆ ಒಪ್ಪುತ್ತದೆ ಎಂದು ಕೇಳಿದರೆ ಹೀಗೆ ಹೇಳಬಹುದು. ಬೇರೆ ಬೇರೆ ಪ್ರದೇಶಗಳಿಗೆ ಪ್ರಯಾಣ ಮಾಡಬೇಕಾದವನಿಗೆ ಅನುಕೂಲ. ಕಳಚಿದರೆ ಚಿಕ್ಕ ಪೆಟ್ಟಿಗೆಯಲ್ಲಿ ಅಡಗುತ್ತದೆ. ನಿಜವಾಗಿಯೂ ತೀರ ಭಿನ್ನವಾದ ಎರಡು ಬಗೆಯ ಬೇಟೆ ಇದ್ದವನಿಗೆ ಉಪಯುಕ್ತ. ಒಂದೇ ಕಾಡಿನಲ್ಲಿ ಒಂದೆರಡು ಬಗೆಯ ಪ್ರಾಣಿಗಳ ಹಿಂದೆ ಹೋಗುವವನಿಗೆ ಅದು ಅನಗತ್ಯ. ಸಾಧಾರಣ ಬೆಲೆಯ ಒಂದೇ ನಳಿಗೆಯ ರೈಫಲ್, ಮಧ್ಯಮ ತರದ ಒಂದು ತೋಟಾ, ಉಳಿದ ಹಣದಲ್ಲಿ ಒಳ್ಳೆಯ ದುರ್ಬೀನು ಮತ್ತು ಅಭ್ಯಾಸದ ತೋಟಾಗಳು. ಇದು ಜಾಣರ ದಾರಿ. ಎರಡು ನಳಿಗೆ ಬೇಕೇ ಬೇಕೆನ್ನುವವನು ಒಂದೇ ಮನೆತನದ ಎರಡನ್ನು ಆರಿಸಲಿ. 6.5 ಅಥವಾ 7 ಮಿಲಿಮೀಟರಿನದೊಂದು ಬಯಲಿಗೆ, 9.3×62 ದಟ್ಟ ಕಾಡಿನ ಹಂದಿಗೆ ಎಂದು ಇಟ್ಟುಕೊಂಡವರನ್ನು ಕಂಡಿದ್ದೇನೆ.

ಈಚಿನ ಮತ್ತೊಂದು ವಿಚಾರವನ್ನು ಬಿಡುವಂತಿಲ್ಲ. ಬೇಟೆಗಾರರು ಬಿಟ್ಟುಹೋದ ಕರುಳು, ಮಾಂಸಗಳಲ್ಲಿ ಉಳಿದ ಸೀಸದ ಚೂರುಗಳನ್ನು ತಿಂದು ಯೂರೋಪಿನ ಬಿಳಿಬಾಲದ ಕಡಲಹದ್ದುಗಳೂ ಅಮೆರಿಕದ ಕಾಂಡೋರ್ ರಣಹದ್ದುಗಳೂ ವಿಷವೇರಿ ಸತ್ತವು. ಕ್ಯಾಲಿಫೋರ್ನಿಯದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡು ಪೂರ್ಣ ನಿಷಿದ್ಧ; ಜರ್ಮನಿಯ ಹಲವು ರಾಜ್ಯಗಳೂ ಆ ದಾರಿ ಹಿಡಿದಿವೆ. ಸೀಸದ ಬದಲು ಬಂದ ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕಕ್ಕೆ ತಾಮ್ರದ ಗುಂಡು ಉದ್ದವಾಗುತ್ತದೆ. ಉದ್ದದ ಗುಂಡು ನೆಟ್ಟಗೆ ಹಾರಲು ನಳಿಗೆಯೊಳಗಿನ ಸುರುಳಿಗೆರೆಗಳು ಅದನ್ನು ಇನ್ನೂ ಬಿರುಸಾಗಿ ತಿರುಗಿಸಬೇಕು. 6.5×55ರ ನಳಿಗೆಯಲ್ಲಿ ಗುಂಡು 200 ಮಿಲಿಮೀಟರಿಗೆ ಒಂದು ಸುತ್ತು ಸುತ್ತಿದರೆ 8×57ರಲ್ಲಿ 240 ಮಿಲಿಮೀಟರಿಗೆ ಒಂದು ಸುತ್ತು. ಹೀಗೆ ಯಾವ ನಳಿಗೆ ಎಂಬ ಪ್ರಶ್ನೆ ಕೊನೆಗೆ ಹದ್ದಿನ ಪ್ರಾಣದವರೆಗೂ ಹೋಗಿ ಮುಟ್ಟುತ್ತದೆ.

ಎರಡು ನಳಿಗೆ ಇಟ್ಟುಕೊಂಡವನಿಗೆ ಇನ್ನೊಂದು ಎಚ್ಚರವೂ ಬೇಕು. ಒಂದು ನಳಿಗೆಗೆ ಸಲ್ಲದ ತೋಟಾ ಅದರೊಳಗೆ ಹೋದರೆ ಕೋವಿ ಸಿಡಿದು ಹಿಡಿದವನನ್ನೇ ಕೊಲ್ಲಬಹುದು. ಹಳೆಯ 8×57ರ ಗುಂಡು 1905ರ ಸುಮಾರಿಗೆ ತುಸು ದಪ್ಪವಾಯಿತು. ಹೆಸರು ಹೆಚ್ಚುಕಡಮೆ ಅದೇ, ಕೊನೆಗೆ ಒಂದು ‘ಎಸ್’ ಅಕ್ಷರ ಮಾತ್ರ ಸೇರಿತು. ಆ ಹೊಸ ತೋಟಾವನ್ನು ಹಳೆಯ ನಳಿಗೆಗೆ ತುಂಬುವುದು ಅಪಾಯ. ಒಂದಕ್ಷರದ ಮೇಲೆ ಜೀವ ನಿಂತಿದೆ. ಕಾಡಿಗೆ ಹೋಗುವಾಗ ಒಂದೇ ಬಗೆಯ ತೋಟಾ ಜೇಬಿನಲ್ಲಿರಬೇಕು, ಇನ್ನೊಂದು ಮನೆಯ ಬೀಗದೊಳಗೆ ಇರಬೇಕು ಎಂಬುದು ನಮ್ಮ ಹಿರಿಯರ ಕಟ್ಟುನಿಟ್ಟು.

ನಮ್ಮ ಆಲಂಕಾರಿಕರು ಮಹಾಕಾವ್ಯದಲ್ಲಿ ಬರಬೇಕಾದ ವರ್ಣನೆಗಳಲ್ಲಿ ಮೃಗಯೆಯನ್ನೂ ಎಣಿಸಿದ್ದಾರೆ. ಆದರೆ ನಮ್ಮ ಪುರಾಣಗಳಲ್ಲಿ ಬೇಟೆ ಅಷ್ಟು ಸುಲಭದ ಸಂತೋಷವಾಗಿ ಬರುವುದಿಲ್ಲ. ಸದ್ದನ್ನಷ್ಟೇ ಕೇಳಿ, ಕಾಣದುದಕ್ಕೆ ಬಾಣ ಬಿಟ್ಟ ದಶರಥ ಒಂದು ಮನೆಯ ದೀಪ ಆರಿಸಿದ. ಜಿಂಕೆಯೆಂದು ಹೊಡೆದ ಪಾಂಡು ಶಾಪ ಹೊತ್ತ. ಇಬ್ಬರ ಗುರಿಯೂ ತಪ್ಪಿರಲಿಲ್ಲ, ಇಬ್ಬರ ಬಿಲ್ಲೂ ದುರ್ಬಲವಾಗಿರಲಿಲ್ಲ. ಕೊರತೆಯಿದ್ದುದು ವಿವೇಕಕ್ಕೆ. ಕಾವ್ಯದ ಜೀವ ಔಚಿತ್ಯ ಎಂದು ಕಾಶ್ಮೀರದ ಕ್ಷೇಮೇಂದ್ರ ಹೇಳಿದ. ಯಾವ ಮಾತು ಎಲ್ಲಿ ಸಲ್ಲುತ್ತದೋ ಅಲ್ಲಿ ಅದು, ಅಷ್ಟೇ. ಸಣ್ಣ ಭಾವಕ್ಕೆ ದೊಡ್ಡ ಮಾತನ್ನು ಹೊರಿಸಿದರೆ ಪದ್ಯ ಸಾಯುತ್ತದೆ. ತನ್ನ ತೋಳು ತಾಳದ ನಳಿಗೆಯನ್ನು ಹಿಡಿದರೆ ಪ್ರಾಣಿ ಸುಲಭವಾಗಿ ಸಾಯುವುದೂ ಇಲ್ಲ.

ಜರ್ಮನಿಯನ್ನು ಬಿಟ್ಟು ಬರುವಾಗ ಕೋವಿಯನ್ನೂ ಎರಡು ನಳಿಗೆಗಳನ್ನೂ ಹಿರಿಯರಿಗೇ ಒಪ್ಪಿಸಿ ಬಂದೆ. ಕಡತದಲ್ಲಿ ಹೆಸರು ಬದಲಾಯಿತು. ಕಳೆದ ಕೈಲು ಮುಹೂರ್ತದಂದು ಅಜ್ಜನ ಕೋವಿಯನ್ನು ಗೋಡೆಯಿಂದ ಇಳಿಸಿ ಒರೆಸಿದವನು ನಾನೇ. ತೋಟಾ ತುಂಬದೆ ಹೆಗಲಿಗೆ ಕೊಟ್ಟು, ಅಂಗಳದಾಚೆಯ ಹಲಸಿನ ಮರದ ಒಂದು ಎಲೆಗೆ ಗುರಿ ಹಿಡಿದು ಕುದುರೆ ಎಳೆದೆ. ಕ್ಲಿಕ್ ಎಂದಿತು. ನಳಿಗೆ ಅಲುಗಲಿಲ್ಲ, ಕಣ್ಣು ತೆರೆದೇ ಇತ್ತು. ಅದರ ಬಾಯಿಗೆ ಒಂದು ಕೋವಿಹೂವನ್ನು ಸಿಕ್ಕಿಸಿ, ಮತ್ತೆ ಅದರ ಜಾಗದಲ್ಲಿಟ್ಟೆ.